ಮರಳ ಮೇಲಿನ ಮಗ್ಗಿ

ಪೀಸಾದ ವಾಲುಗೋಪುರ ಹತ್ತೋಕೆ ಆಗ ಟಿಕೆಟ್ 18 ಯೂರೋ ಇತ್ತು. 2017ರ ಮೇ ತಿಂಗಳ ಒಂದು ಶನಿವಾರ, ಹತ್ತೋದಾ ಬೇಡವಾ ಅಂತ ಯೋಚಿಸ್ತಾ ಎದುರಿನ ಹುಲ್ಲಿನ ಮೇಲೆ ಕೂತಿದ್ದೆ. ಸುತ್ತ ನೂರಾರು ಜನ ಗಾಳಿಗೆ ಕೈಕೊಟ್ಟು, ಗೋಪುರವನ್ನು ಬೀಳದಂತೆ ಹಿಡಿದ ಹಾಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ರೂಮ್‌ಮೇಟ್, ಗುಂಟೂರಿನವನು, ಅದೇ ಕೆಲಸದಲ್ಲಿದ್ದ. ಸುಮ್ಮನೆ ಕೂತಿದ್ದೀನಲ್ಲ ಅಂತ ಊರಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಸಾಗರದಿಂದ ಒಳಗೆ ಹತ್ತಾರು ಕಿಲೋಮೀಟರ್ ಹೋಗಬೇಕಾದ ನಮ್ಮೂರಲ್ಲಿ ಮೊಬೈಲ್ ಸಿಗ್ನಲ್ ಬೇಕಂದ್ರೆ ಆಗ ಗುಡ್ಡ ಹತ್ತಬೇಕಿತ್ತು. ಫೋನ್ ಎತ್ತಿದ್ದು ಅಜ್ಜ.

"ಏನೋ ತಮ್ಮಾ, ಊಟ ಆಯ್ತನಾ? ಎಲ್ಲಿದೀಯ?"

ಹೇಳಿದೆ. ಟಿಕೆಟ್ ರೇಟೂ ಹೇಳಿದೆ. ಯೂರೋಗೆ ಎಷ್ಟು ರೂಪಾಯಿ ಅಂತ ಕೇಳಿದರು. ಲೆಕ್ಕಕ್ಕೆ ಎಪ್ಪತ್ತೈದು ಅಂದ್ಕೊಳ್ಳಿ ಅಂದೆ. ನಾನು ಫೋನಿನಲ್ಲಿ ಕ್ಯಾಲ್ಕ್ಯುಲೇಟರ್ ಹುಡುಕೋಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂತು.

"ಹದಿನೆಂಟರ ಮುಕ್ಕಾಲು ಹದಿಮೂರೂವರೆ. ಸಾವಿರದ ಮುನ್ನೂರೈವತ್ತು. ಅಷ್ಟು ಕೊಟ್ಟು ವಾಲಿದ ಕಟ್ಟಡ ಹತ್ತೋದಾ? ನಮ್ಮ ಕೊಟ್ಟಿಗೆನೂ ವಾಲಿದೆ, ಬಾ, ಪುಕ್ಕಟೆ ಹತ್ತು."

ನಗು ಬಂತು. ಅಜ್ಜ ಸಾಗರದ ಅಡಿಕೆ ಮಂಡಿಯೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವರು. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೆಲ್ಲ ಅವರಿಗೆ ಉಸಿರಾಡಿದಷ್ಟು ಸಲೀಸು. ಗೋಪುರ ಹತ್ತಲಿಲ್ಲ. ಐದು ಯೂರೋ ಕೊಟ್ಟು ಪಕ್ಕದ ಕಾಂಪೊಸಾಂಟೊ ಎಂಬ ಹಳೆಯ ಸ್ಮಶಾನದ ಕಟ್ಟಡ ನೋಡಲು ಹೋದೆ. ಅಲ್ಲಿ ಒಬ್ಬನ ಪ್ರತಿಮೆ ಇದೆ ಅಂತ ಗೊತ್ತಿತ್ತು. ಕಂಪ್ಯೂಟರ್ ಸೈನ್ಸ್ ಓದಿದ ಎಲ್ಲರೂ ಮೊದಲ ವರ್ಷದಲ್ಲೇ ರಿಕರ್ಶನ್ ಕಲಿಯೋಕೆ ಅವನ ಹೆಸರಿನ ಪ್ರೋಗ್ರಾಮ್ ಬರೆದಿರುತ್ತೇವೆ. ಫಿಬೊನಾಚಿ.

ನಿಲುವಂಗಿ ತೊಟ್ಟು ಗಂಭೀರವಾಗಿ ನಿಂತ ಕಲ್ಲಿನ ಮನುಷ್ಯ. ಪ್ರತಿಮೆ ಮಾಡಿದ್ದು 19ನೇ ಶತಮಾನದಲ್ಲಿ, ಅಂದರೆ ಆತ ಸತ್ತು ಆರುನೂರು ವರ್ಷವಾದ ಮೇಲೆ. ಹಾಗಾಗಿ ಆ ಮುಖ ಶಿಲ್ಪಿಯ ಕಲ್ಪನೆ. ಹೆಸರೂ ಹಾಗೇ, ಊರಿನವರಿಗೆ ಅವನು ಪೀಸಾದ ಲಿಯೊನಾರ್ಡೊ ಅಷ್ಟೇ. ಅವನಪ್ಪ ಇಂದಿನ ಅಲ್ಜೀರಿಯಾದ ಬುಜಿಯಾ ಬಂದರಿನಲ್ಲಿ ಪೀಸಾದ ವ್ಯಾಪಾರಿಗಳ ಪರವಾಗಿ ಸುಂಕದ ಕಚೇರಿ ನೋಡಿಕೊಳ್ಳುತ್ತಿದ್ದ. ಮಗನೂ ಲೆಕ್ಕ ಕಲಿಯಲಿ ಅಂತ ಅಲ್ಲಿಗೆ ಕರೆಸಿಕೊಂಡ. ಅಲ್ಲಿ ಹುಡುಗನಿಗೆ ಸಿಕ್ಕಿದ್ದು ಒಂಬತ್ತು ಅಂಕಿ ಮತ್ತು ಒಂದು ಸೊನ್ನೆ. 1202ರಲ್ಲಿ ಬರೆದ 'ಲಿಬೆರ್ ಅಬಾಚಿ' ಪುಸ್ತಕದ ಮೊದಲ ಅಧ್ಯಾಯದಲ್ಲೇ ಇವು ಇಂಡಿಯಾದವರ ಅಂಕಿಗಳು ಅಂತ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ನಮ್ಮ 'ಶೂನ್ಯ' ಅರಬ್ಬಿಯಲ್ಲಿ 'ಸಿಫ್ರ್' ಆಗಿ, ಇವನ ಲ್ಯಾಟಿನ್‌ನಲ್ಲಿ 'ಜೆಫಿರುಮ್' ಆಗಿ, ಇಟಲಿಯವರ ಬಾಯಲ್ಲಿ ಸವೆದು 'ಜೀರೋ' ಆಯಿತು. ನಾವು ಅದನ್ನು ಇಂಗ್ಲಿಷ್ ಪದ ಅಂತ ವಾಪಸ್ ತಗೊಂಡೆವು.

ಇನ್ನೊಂದು ವಿಷಯ ನನಗೆ ಮಜಾ ಅನ್ನಿಸಿದ್ದು. ಗೋಪುರಕ್ಕೆ ಪಾಯ ಹಾಕಿದ್ದು 1173ರಲ್ಲಿ, ಲಿಯೊನಾರ್ಡೊ ಹುಟ್ಟಿದ್ದೂ ಹೆಚ್ಚುಕಡಿಮೆ ಆಗಲೇ. ಮೂರನೇ ಅಂತಸ್ತು ಏಳುವಾಗ ನೆಲ ಕುಸಿದು ವಾಲಿತು, ಕೆಲಸ ಸುಮಾರು ನೂರು ವರ್ಷ ನಿಂತುಹೋಯಿತು. ಅಂದರೆ ಅವನು ಊರೂರು ಸುತ್ತಿ, ಲೆಕ್ಕ ಕಲಿತು ವಾಪಸ್ ಬಂದಾಗ ಅವನ ಊರಲ್ಲಿದ್ದದ್ದು ಅರ್ಧಕ್ಕೆ ನಿಂತ, ಆಗಲೇ ಸೊಟ್ಟಗಾಗಿದ್ದ ಒಂದು ಕಟ್ಟಡ. ಜಗತ್ತಿನ ದುಡ್ಡಿನ ಲೆಕ್ಕವನ್ನೇ ಬದಲಿಸಿದವನು ಸಾಯುವವರೆಗೂ ಅದನ್ನು ನೋಡಿಕೊಂಡೇ ಓಡಾಡಿರಬೇಕು.

ಅವನ ಪುಸ್ತಕದಲ್ಲಿ ಮೊಲದ ಮರಿಗಳ ಲೆಕ್ಕ ಒಂದು ಸಣ್ಣ ಮೂಲೆಯಲ್ಲಿದೆ. ಉಳಿದದ್ದೆಲ್ಲ ವ್ಯಾಪಾರ. ಮೆಣಸಿನ ಬೆಲೆ, ನಾಣ್ಯಗಳ ವಿನಿಮಯ, ಪಾಲುದಾರಿಕೆಯಲ್ಲಿ ಲಾಭ ಹಂಚೋದು. ನಮ್ಮ ಕಡೆ ಇದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ರಾಜಾದಿತ್ಯ ಎಂಬ ಜೈನ ಕವಿ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದಿದ್ದ. ಅದಕ್ಕೂ ಹಿಂದೆ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ನಾಲ್ಕು ವರ್ಷ ಬಿಇ ಓದಿದ ನಾನು ಈ ಎರಡೂ ಹೆಸರನ್ನು ಕ್ಲಾಸಿನಲ್ಲಿ ಕೇಳಲಿಲ್ಲ. ಇದನ್ನು ಹೆಮ್ಮೆಗೂ ಹೇಳುತ್ತಿಲ್ಲ, ದೂರಿಗೂ ಹೇಳುತ್ತಿಲ್ಲ. ಕೇಳಿರಲಿಲ್ಲ, ಅಷ್ಟೇ.

ಸಂಜೆ ರೈಲಿನಲ್ಲಿ ಫ್ಲಾರೆನ್ಸ್. ಒಂದು ರಾತ್ರಿ ಹಾಸ್ಟೆಲ್ಲಿನ ಎಂಟು ಮಂಚದ ಕೋಣೆ, ರಾತ್ರಿಯಿಡೀ ಒಬ್ಬರ ಗೊರಕೆ. ಮೈಕೆಲ್ಯಾಂಜೆಲೊನ 'ಡೇವಿಡ್' ನೋಡೋಕೆ ಉದ್ದ ಕ್ಯೂ ಇತ್ತು, ಬಿಟ್ಟೆವು. ಚೌಕದಲ್ಲಿರುವ ನಕಲು ಪ್ರತಿಮೆಯ ಮುಂದೆ ಪಿಜ್ಜಾ ತಿಂದೆವು. ಆ ಊರಿನ ಬಗ್ಗೆ ನಾನು ಹೇಳಬೇಕಾದ್ದು ಕಲೆಯ ವಿಷಯವಲ್ಲ. 1299ರಲ್ಲಿ ಅಲ್ಲಿನ ಹಣ ವಿನಿಮಯ ಮಾಡುವವರ ಸಂಘ, 'ಆರ್ತೆ ದೆಲ್ ಕಾಂಬಿಯೊ', ಒಂದು ನಿಯಮ ತಂತು. ಸದಸ್ಯರು ಯಾರೂ ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿಗಳನ್ನು ಬಳಸಕೂಡದು, ಮೊತ್ತವನ್ನು ಅಕ್ಷರದಲ್ಲಿ ಬರೆಯಬೇಕು. ಸೊನ್ನೆಗೊಂದು ಬಾಲ ಎಳೆದರೆ ಆರೋ ಒಂಬತ್ತೋ ಆಗಿಬಿಡುತ್ತದೆ ಎಂಬ ಭಯ ಇದಕ್ಕೆ ಕಾರಣವಾಗಿರಬೇಕು ಅಂತ ಇತಿಹಾಸಕಾರರು ಹೇಳುತ್ತಾರೆ. ನಗಬೇಡಿ. ಇವತ್ತಿಗೂ ಚೆಕ್ ಬರೆಯುವಾಗ ನಾವು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಯುತ್ತೇವೆ. ಅಜ್ಜನ ಮಂಡಿ ಪುಸ್ತಕದಲ್ಲೂ ಹಾಗೇ ಇರುತ್ತಿತ್ತು.

ನಿಯಮ ಉಳಿಯಲಿಲ್ಲ. 1338ರ ಸುಮಾರಿಗೆ ಫ್ಲಾರೆನ್ಸ್ ಹೇಗಿತ್ತು ಅಂತ ಅಲ್ಲಿನ ಚರಿತ್ರೆಕಾರ ಜೊವಾನ್ನಿ ವಿಲ್ಲಾನಿ ಲೆಕ್ಕ ಕೊಡುತ್ತಾನೆ: ಆರು ಶಾಲೆಗಳಲ್ಲಿ 1,000ದಿಂದ 1,200 ಹುಡುಗರು ಈ ಹೊಸ ಲೆಕ್ಕ ಕಲಿಯುತ್ತಿದ್ದರು. ಶಾಲೆಯ ಹೆಸರಲ್ಲಿ 'ಅಬಾಕೊ' ಇದ್ದರೂ ಅಲ್ಲಿ ಕಲಿಸುತ್ತಿದ್ದದ್ದು ಮಣಿಚೌಕಟ್ಟಲ್ಲ, ಅಂಕಿ ಬರೆದು ಲೆಕ್ಕ ಮಾಡೋದು. ಮಕ್ಕಳು ಕೋಷ್ಟಕಗಳನ್ನು ಬಾಯಿಪಾಠ ಮಾಡಬೇಕಿತ್ತು. ಹೌದು, ಮಗ್ಗಿ. ಆಮೇಲೆ ಯುರೋಪಿಗೆಲ್ಲ ಸಾಲ ಕೊಟ್ಟ ಮೆಡಿಚಿ ಬ್ಯಾಂಕಿನ ಊರು ಮಗ್ಗಿ ಹೇಳಿಯೇ ಬೆಳೆದದ್ದು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಾನು ಅಕ್ಷರ, ಅಂಕಿ, ಮಗ್ಗಿ ಎಲ್ಲ ಕಲಿತದ್ದು ಅಜ್ಜನ ಹತ್ತಿರ, ಮರಳಲ್ಲಿ. ನಾಲ್ಕು ಕಡೆ ಪಟ್ಟಿ ಹೊಡೆದ ಹಲಸಿನ ಹಲಗೆ, ಅದರ ಮೇಲೆ ಜರಡಿ ಹಿಡಿದ ಹೊಳೆ ಮರಳು. ಜಗಲಿಯಲ್ಲಿ ಅಜ್ಜ ಎದುರು ಕೂತು "ಎರಡೊಂದ್ಲೆ ಎರಡು" ಅಂತ ರಾಗ ಎಳೆದರೆ ನಾನು ಅದೇ ರಾಗದಲ್ಲಿ ಹೇಳುತ್ತಾ ಬೆರಳಲ್ಲಿ ಬರೆಯಬೇಕು. ಹಲಗೆ ತುಂಬಿದರೆ ಅಂಗೈಯಲ್ಲಿ ಸವರಿ ಮತ್ತೆ ಶುರು. ಬೆರಳ ತುದಿ ಉರಿಯುತ್ತಿತ್ತು. ಆಮೇಲೆ ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಬಂದೆ. ಮೊದಲ ವರ್ಷವೇ ಒಬ್ಬ ಮೇಷ್ಟ್ರು ಕ್ಲಾಸಿನಲ್ಲಿ, ಹಳ್ಳಿ ಕಡೆ ಮಗ್ಗಿ ಬಾಯಿಪಾಠ ಮಾಡಿ ಬಂದವರು ಗುಮಾಸ್ತರಾಗಬಹುದು, ಇಂಜಿನಿಯರ್ ಆಗಲ್ಲ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ದಸರಾ ರಜಕ್ಕೆ ಊರಿಗೆ ಹೋದಾಗ ಅಜ್ಜ ಚಿಕ್ಕಪ್ಪನ ಮಗಳಿಗೆ ಅದೇ ಹಲಗೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದರು, ಆಗ ಹೇಳಿದೆ: "ಇದೆಲ್ಲ ಗಿಣಿಪಾಠ ಅಜ್ಜ, ಅರ್ಥ ಆಗದೆ ಒದರಿದ್ರೆ ಏನು ಬಂತು?"

ಅಜ್ಜ ಏನೂ ಅನ್ನಲಿಲ್ಲ. ಮರುದಿನದಿಂದ ಹಲಗೆ ಜಗಲಿಯಲ್ಲಿ ಕಾಣಲಿಲ್ಲ.

ಪ್ರವಾಸಕ್ಕೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ವೇಗದ ರೈಲು ಹಿಡಿದು ಒಂದೂವರೆ ಗಂಟೆಯಲ್ಲಿ ರೋಮ್. ರಾತ್ರಿಯ ಅಗ್ಗದ ವಿಮಾನದಲ್ಲಿ ಜರ್ಮನಿಗೆ ವಾಪಸ್, ಸೋಮವಾರ ಬೆಳಿಗ್ಗೆ ಕ್ಲಾಸು. ಬಿಇ ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿ, ಉಳಿಸಿದ ದುಡ್ಡಲ್ಲಿ ಒಂದು ವರ್ಷದ ಕೋರ್ಸಿಗೆ ಹೋದವನಿಗೆ ಒಂದೇ ವೀಕೆಂಡಲ್ಲಿ ಮೂರು ಊರು ಮುಗಿಸುವ ಹಠ. ಕೊಲೊಸಿಯಂ ಹೊರಗಿನಿಂದ ನೋಡಿ, ಬಿಸಿಲಿಗೆ ಸುಸ್ತಾಗಿ, ಕ್ಯಾಪಿಟೊಲಿನ್ ಗುಡ್ಡದ ಪಕ್ಕ ಒಂದು ಎತ್ತರದ ಮೆಟ್ಟಿಲ ಸಾಲು ಕಂಡಿತು. 124 ಮೆಟ್ಟಿಲು, 1348ರಲ್ಲಿ ಕಟ್ಟಿದ್ದು. ಮೇಲೆ ಸಾಂತಾ ಮರಿಯಾ ಇನ್ ಆರಾಚೆಲಿ ಎಂಬ ಚರ್ಚು. ಪ್ರವೇಶ ಉಚಿತ, ಒಳಗೆ ತಂಪು. ಇಷ್ಟೇ ಕಾರಣಕ್ಕೆ ಹತ್ತಿದೆವು. ಕಂಬಗಳ ಸಾಲು, ಬಂಗಾರದ ಬಣ್ಣದ ಮಾಳಿಗೆ, ನೆಲದ ತುಂಬ ಸಮಾಧಿಯ ಕಲ್ಲುಗಳು. ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತು ಫೋನಿನಲ್ಲಿ ವಿಮಾನದ ಚೆಕ್-ಇನ್ ಮಾಡಿ ಇಳಿದು ಬಂದೆವು.

ನಾಲ್ಕು ತಿಂಗಳಿಗೆ ಅಜ್ಜ ಹೋದರು. ನನಗೆ ಪರೀಕ್ಷೆಯಿತ್ತು, ಟಿಕೆಟ್ಟಿಗೆ ದುಡ್ಡೂ ಇರಲಿಲ್ಲ. ಹೋಗಲಿಲ್ಲ.

ಮೂರು ವರ್ಷ ಬಿಟ್ಟು, 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತಾಗ ನಮ್ಮ ಸೀಮೆಯ ಚರಿತ್ರೆ ಓದೋ ಹುಚ್ಚು ಹತ್ತಿತು. ಕೆಳದಿ ಅರಸರ ಬಗ್ಗೆ ಯಾವ ಪುಸ್ತಕ ತೆರೆದರೂ ಒಬ್ಬ ಇಟಲಿಯವನ ಹೆಸರು: ಪಿಯೆತ್ರೊ ದೆಲ್ಲಾ ವಾಲ್ಲೆ. ಅವನ ಪತ್ರಗಳ ಹಳೆಯ ಇಂಗ್ಲಿಷ್ ಅನುವಾದ ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಎರಡು ರಾತ್ರಿಯಲ್ಲಿ ನಮ್ಮ ಕಡೆಯ ಭಾಗ ಓದಿ ಮುಗಿಸಿದೆ. ಅವನ ಸಮಾಧಿ ಎಲ್ಲಿದೆ ಅಂತ ಹುಡುಕಿದರೆ, ಆರಾಚೆಲಿ ಚರ್ಚು. ನಾನು ಚೆಕ್-ಇನ್ ಮಾಡುತ್ತಾ ಕೂತಿದ್ದ ಅದೇ ಚರ್ಚು.

ಇವನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಹುಟ್ಟಿದ್ದು 1586ರಲ್ಲಿ, ರೋಮಿನ ಶ್ರೀಮಂತ ಮನೆತನದಲ್ಲಿ. ಪ್ರೀತಿಸಿದ ಹುಡುಗಿ ಕೈಬಿಟ್ಟಳು. ಮನಸ್ಸು ಕೆಟ್ಟು ಯಾತ್ರೆಯ ಹರಕೆ ಹೊತ್ತು 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಜೆರುಸಲೆಮ್ ನೋಡಿ ವಾಪಸ್ ಬರಬೇಕಿತ್ತು. ಬಂದದ್ದು ಹನ್ನೆರಡು ವರ್ಷವಾದ ಮೇಲೆ. ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬವಳನ್ನು ಮದುವೆಯಾದ. ಇಬ್ಬರೂ ಪರ್ಷಿಯಾ ಸುತ್ತಿದರು. ಪರ್ಸೆಪೊಲಿಸ್‌ನ ಬೆಣೆಲಿಪಿಯ ಕೆಲವು ಅಕ್ಷರಗಳನ್ನು ನಕಲು ಮಾಡಿ ಯುರೋಪಿಗೆ ತೋರಿಸಿದ ಮೊದಲಿಗರಲ್ಲಿ ಅವನೂ ಒಬ್ಬ. 1621ರ ಕೊನೆಗೆ ಹೋರ್ಮುಜ್ ಹತ್ತಿರ ಜ್ವರ ಬಂದು ಮಾನಿ ಸತ್ತಳು. ಪರದೇಶದ ಮಣ್ಣಲ್ಲಿ ಹೂಳಲು ಅವನಿಗೆ ಮನಸ್ಸಾಗಲಿಲ್ಲ. ಶವಕ್ಕೆ ಕರ್ಪೂರ ಹಾಕಿ ಕೆಡದಂತೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಹೊರಟ. ಆ ಪೆಟ್ಟಿಗೆ ರೋಮ್ ತಲುಪಿದ್ದು 1626ರಲ್ಲಿ. ಆರಾಚೆಲಿಯಲ್ಲಿ ತನ್ನ ಮನೆತನದ ಗೋರಿಯಲ್ಲೇ ಅವಳನ್ನು ಮಣ್ಣು ಮಾಡಿದ. ಮರುವರ್ಷ ನಡೆಸಿದ ದೊಡ್ಡ ಶ್ರಾದ್ಧದ ಸಭೆಯಲ್ಲಿ ತಾನೇ ಎದ್ದು ಮಾತಾಡಲು ಹೋಗಿ, ಅಳು ತಡೆಯಲಾಗದೆ ನಿಲ್ಲಿಸಿದನಂತೆ.

ಈ ಮನುಷ್ಯ 1623ರಲ್ಲಿ ಸೂರತ್, ಅಹಮದಾಬಾದ್ ನೋಡಿಕೊಂಡು ಗೋವಾಕ್ಕೆ ಬಂದಿದ್ದ. ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಹತ್ತಿರ ರಾಯಭಾರಿಯನ್ನು ಕಳಿಸುವವರಿದ್ದರು. ಕರಾವಳಿಯ ಬಂಗ ಅರಸನ ತಕರಾರು ಮತ್ತು ಕಾಳುಮೆಣಸಿನ ವ್ಯವಹಾರ. ನೋಡೋ ಚಪಲಕ್ಕೆ ಇವನೂ ಜೊತೆಯಾದ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ. ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೆಯುತ್ತಿದ್ದ ರಾಣಿಯ ಊರು ಅಷ್ಟರಲ್ಲಾಗಲೇ ಹಾಳುಬಿದ್ದು ಗಿಡಮರ ಬೆಳೆದಿತ್ತು. ಅಲ್ಲಿಂದ ಕಾಡಿನ ಹಾದಿಯಲ್ಲಿ ಘಟ್ಟ. ಘಟ್ಟದ ಮೇಲೆ ಹೊರೆ ಹೊರುವವರು ಅಣಿಯಾಗುವವರೆಗೆ ಒಂದು ದೇವಸ್ಥಾನದ ಹತ್ತಿರ ಕಾಯಬೇಕಾಯಿತು. ಹೊತ್ತು ಹೋಗಲಿಲ್ಲ. ಜಗಲಿ ಕಡೆ ಕಣ್ಣು ಹಾಯಿಸಿದ.

ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಇರಲಿಲ್ಲ. ಒಬ್ಬ ಪಾಠದ ಒಂದು ತುಂಡನ್ನು ರಾಗವಾಗಿ ಹಾಡುತ್ತಾ, ನೆಲದ ಮೇಲೆ ಹರಡಿದ್ದ ನುಣುಪು ಮರಳಲ್ಲಿ ಬೆರಳಿಂದ ಅಂಕಿ ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ಆಮೇಲೆ ಮುಂದಿನ ತುಂಡು. ನೆಲ ತುಂಬಿದರೆ ಕೈಯಲ್ಲಿ ಅಳಿಸಿ, ಪಕ್ಕದ ಗುಪ್ಪೆಯಿಂದ ಹೊಸ ಮರಳು ಹರಡಿ ಮತ್ತೆ ಶುರು. ದೆಲ್ಲಾ ವಾಲ್ಲೆ ಸುಮ್ಮನೆ ನೋಡಿ ಹೋಗಲಿಲ್ಲ, ಒಂದು ಪ್ರಶ್ನೆ ಕೇಳಿದ. ಮೇಷ್ಟ್ರೇ ಇಲ್ಲವಲ್ಲ, ಮರೆತರೆ, ತಪ್ಪಿದರೆ ತಿದ್ದೋರು ಯಾರು? ಹುಡುಗರ ಉತ್ತರದ ಸಾರಾಂಶ ಇಷ್ಟು: ನಾಲ್ಕೂ ಜನ ಒಟ್ಟಿಗೆ ಒಂದೇ ಕಡೆ ತಪ್ಪೋದು ಸಾಧ್ಯವಿಲ್ಲ. ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತಾರೆ, ಅದಕ್ಕೇ ಜೊತೆಯಲ್ಲಿ ಕೂತಿದ್ದೇವೆ. ಇದು ಚಂದದ, ಸುಲಭದ, ಭದ್ರವಾದ ಕ್ರಮ ಅಂತ ಅವನು ನೇಪಲ್ಸ್‌ನ ತನ್ನ ವೈದ್ಯ ಗೆಳೆಯನಿಗೆ ಬರೆದ.

ರಾತ್ರಿ ಒಂದು ಗಂಟೆಗೆ ಇದನ್ನು ಓದಿ ಎದ್ದು ಕೂತೆ. ಕಾರಣ ಅಜ್ಜನ ಹಲಗೆ ಮಾತ್ರ ಅಲ್ಲ. ನನ್ನ ಹೊಟ್ಟೆಪಾಡೇ ಈ ಕೆಲಸ. ಒಂದೇ ಡೇಟಾವನ್ನು ಹಲವು ಸರ್ವರುಗಳಲ್ಲಿ ಇಟ್ಟು, ಒಂದು ಕೆಟ್ಟರೆ ಅಥವಾ ಸುಳ್ಳು ಹೇಳಿದರೆ ಉಳಿದವು ಸೇರಿ ಸರಿಯಾದದ್ದನ್ನು ಗುರುತಿಸುವಂತೆ ಮಾಡೋದು. ಯಾವ ಹಿರಿಯ ಸರ್ವರೂ ಮೇಲೆ ಕೂತು ತಿದ್ದುವುದಿಲ್ಲ. ಈ ಬಗ್ಗೆ 1982ರಲ್ಲಿ ಲ್ಯಾಂಪೋರ್ಟ್, ಶಾಸ್ಟಾಕ್, ಪೀಸ್ ಎಂಬ ಮೂವರು ಬರೆದ ಪ್ರಸಿದ್ಧ ಪ್ರಬಂಧವಿದೆ, 'ಬೈಜಾಂಟೈನ್ ಸೇನಾಪತಿಗಳ ಸಮಸ್ಯೆ' ಅಂತ. ಒಬ್ಬ ತಪ್ಪುಗಾರನನ್ನು ತಾಳಿಕೊಳ್ಳಬೇಕಾದರೆ ಗುಂಪಿನಲ್ಲಿ ಕನಿಷ್ಠ ಎಷ್ಟು ಜನ ಇರಬೇಕು? ಮೂರು ಸಾಲದು, ನಾಲ್ಕು ಬೇಕು. ಘಟ್ಟದ ಮೇಲಿನ ಜಗಲಿಯಲ್ಲಿ ಇದ್ದದ್ದೂ ನಾಲ್ಕೇ ಹುಡುಗರು. ಕಾಕತಾಳೀಯ, ನನಗೂ ಗೊತ್ತು. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ 'ನಮ್ಮ ಪೂರ್ವಜರಿಗೆ ಕ್ಲೌಡ್ ಕಂಪ್ಯೂಟಿಂಗ್ ಗೊತ್ತಿತ್ತು' ಜಾತಿಯ ಮಾತು ನಾನು ಆಡುತ್ತಿಲ್ಲ. ಆದರೆ ನಾನು ಗಿಣಿಪಾಠ ಅಂದದ್ದರ ಒಳಗೆ ಏನಿದೆ ಅಂತ ರೋಮಿನ ಒಬ್ಬ ಪ್ರವಾಸಿ ಕೂತು ವಿಚಾರಿಸಿದ್ದ. ನಾನು ವಿಚಾರಿಸಿರಲಿಲ್ಲ.

ಹಾಗಂತ ಆ ಕಾಲದ ಇಕ್ಕೇರಿಯನ್ನು ಹಾಡಿ ಹೊಗಳೋಕೂ ಅವನ ಪತ್ರಗಳು ಬಿಡುವುದಿಲ್ಲ. ಅದೇ ನವೆಂಬರಿನಲ್ಲಿ, ಇಕ್ಕೇರಿಯ ಬೀದಿಗಳಲ್ಲಿ ಅವನಿಗೆ ಸಹಗಮನಕ್ಕೆ ಅಣಿಯಾಗಿದ್ದ ಒಬ್ಬ ಹೆಂಗಸಿನ ವಿಷಯ ತಿಳಿಯುತ್ತದೆ. ಅವನ ಬರವಣಿಗೆಯಲ್ಲಿ ಅವಳ ಹೆಸರು 'ಜಕ್ಕಮ್ಮ' ಅಂತಲೇ ಕೇಳಿಸುತ್ತದೆ. ತೆಲುಗು ಮೂಲದವಳು, ಗಂಡ ಡೋಲು ಬಾರಿಸುವವನು, ಸತ್ತು 19 ದಿನವಾಗಿತ್ತು. ಇವನು ಅವಳ ಮನೆಗೇ ಹೋದ. ಚಿಕ್ಕ ಮಕ್ಕಳಿದ್ದಾರಲ್ಲ, ಬೇಡ ಅಂತ ಕೈಲಾದಷ್ಟು ಹೇಳಿದ. ಯಾರ ಬಲವಂತವೂ ಇಲ್ಲ, ನನ್ನ ಇಷ್ಟ ಅಂದಳು. ಮನಸ್ಸು ಬದಲಿಸಲಾಗದೆ, ನಿನ್ನ ಹೆಸರು ಉಳಿಯುವಂತೆ ಬರೆಯುತ್ತೇನೆ ಅಂತ ಮಾತುಕೊಟ್ಟು ಬಂದ. ಸತ್ತ ಹೆಂಡತಿಯನ್ನು ಬಿಡಲಾರದೆ ದೇಶದೇಶ ಹೊತ್ತ ಗಂಡಸು, ಸತ್ತ ಗಂಡನ ಹಿಂದೆ ಹೊರಟ ಹೆಂಗಸಿನ ಮುಂದೆ ಕೂತು ಏನು ಮಾತಾಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ರೋಮಿಗೆ ಹೋದ, ಇನ್ನೊಂದು ಮದುವೆಯಾದ, 14 ಮಕ್ಕಳಾದವು. ಅವಳಿಗೆ ಆ ದಾರಿ ಇರಲಿಲ್ಲ. ಜಗಲಿಯ ನಾಲ್ವರೂ ಹುಡುಗರೇ ಅನ್ನೋದು ಇದನ್ನು ಓದಿದ ಮೇಲೆ ನನ್ನ ಕಣ್ಣಿಗೆ ಬಿತ್ತು. ನಮ್ಮನೆಯಲ್ಲೂ ಅಷ್ಟೇ. ಅಜ್ಜನ ಮುಕ್ಕಾಲಿನ ಮಗ್ಗಿಯನ್ನು ಜೀವನವಿಡೀ ಕೇಳಿದ ಅಜ್ಜಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಹಲಗೆಯ ಮುಂದೆ ಕೂತ ನಮ್ಮ ಮನೆಯ ಮೊದಲ ಹೆಣ್ಣು ಕೂಸು ಚಿಕ್ಕಪ್ಪನ ಮಗಳು. ಅದನ್ನು ನಿಲ್ಲಿಸಿದ್ದು ನಾನು.

ಬಸ್ಸು ಮತ್ತೆ ಶುರುವಾದ ಮೇಲೆ ಊರಿಗೆ ಹೋದೆ. ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಫೋನಿನಲ್ಲಿದ್ದ ಆ ಪುಟವನ್ನು ಕನ್ನಡ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿ ಅಮ್ಮ ಒಂದೇ ಪ್ರಶ್ನೆ ಕೇಳಿದಳು.

"ಆ ನಾಲ್ಕು ಹುಡುಗ್ರು ಯಾರ ಮನೆಯವ್ರಂತೆ?"

"ಬರೆದಿಲ್ಲ ಅಮ್ಮ."

"ಅಷ್ಟು ದೂರದಿಂದ ಬಂದವ ಹೆಸ್ರು ಕೇಳ್ಬಾರ್ದಾ."

ಅಜ್ಜನ ಹಲಗೆ ಎಲ್ಲಿದೆ ಅಂತ ಕೇಳಿದೆ. ಅಟ್ಟದ ಮೇಲಿದೆ, ಸಂಡಿಗೆ ಒಣಗಿಸೋಕೆ ಇಟ್ಕೊಂಡಿದೀನಿ ಅಂದಳು. ಹತ್ತಿ ನೋಡಿದೆ. ಹಲಸಿನ ಮರ ಕಪ್ಪಾಗಿತ್ತು, ಒಂದು ಪಟ್ಟಿ ಕಿತ್ತುಹೋಗಿತ್ತು. ಮೂಲೆಯ ಸಂದಿಯಲ್ಲಿ ಉಗುರು ಹಾಕಿದರೆ ಇನ್ನೂ ಒಂದಿಷ್ಟು ಮರಳು ಬಂತು. ಕೆಳಗಿನಿಂದ ಅಮ್ಮ ಕೂಗಿದಳು: "ಸಿಕ್ಕಿದ್ರೆ ಹಾಗೇ ತಗೊಂಡು ಬಾರೋ, ನಾಳೆ ಬಿಸಿಲಿದೆ, ಬೇಕು."